ಮೊದಲ ಸಾಲಿನ ನಿದ್ದೆ

ನಿದ್ದೆಯ ವಿಷಯದಲ್ಲಿ ನಮ್ಮ ಯಜಮಾನರನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ. ನಮ್ಮ ಮದುವೆಯ ದಿನ ಅಯ್ಯನವರು ಮಂತ್ರ ಹೇಳುತ್ತಿದ್ದಾಗಲೇ ತೂಕಡಿಸಿ, ತಾಳಿಯನ್ನು ಅಯ್ಯನವರ ಮೊಣಕೈಗೆ ಕಟ್ಟಲು ಹೋಗಿದ್ದರು. ನಮ್ಮೂರಲ್ಲಿ ಇದೊಂದು ನಗೆಪಾಟಲಿನ ವಿಷಯ. ಆದರೆ ಅದೇ ನಿದ್ದೆಗೆ ರಾಜಧಾನಿಯಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಬ್ಯಾಂಡು ಬಾರಿಸಿದರು. ಅಂಥ ರಾಜಧಾನಿ ಅದು. ಅಲ್ಲಿಗೆ ಹೋಗಿ ಬಂದ ಮೇಲೆ ನನಗೆ ಸರ್ಕಾರದ ಮೇಲಿದ್ದ ಅಷ್ಟಿಷ್ಟು ಭಯವೂ ಹೋಯಿತು, ಅಷ್ಟಿಷ್ಟು ನಂಬಿಕೆಯೂ ಹೋಯಿತು.

ಯಜಮಾನರ ಹೆಸರು ಕರಿಬಸಪ್ಪ. ಪಶು ಇಲಾಖೆಯ ಸಂಚಾರಿ ಆಸ್ಪತ್ರೆಯ ವ್ಯಾನು ಓಡಿಸುತ್ತಿದ್ದರು. ಸರ್ವೀಸು ಪೂರ್ತಿ ಅದೊಂದೇ ವ್ಯಾನು. ಡಾಕ್ಟರುಗಳು ಬದಲಾದರು, ಕಾಂಪೌಂಡರುಗಳು ಬದಲಾದರು, ಇವರೂ ವ್ಯಾನೂ ಬದಲಾಗಲಿಲ್ಲ. ಇವರು ನಿವೃತ್ತರಾದ ವರ್ಷವೇ ಇಲಾಖೆ ವ್ಯಾನನ್ನೂ ಹರಾಜಿಗೆ ಹಾಕಿತು. ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಹರಾಜಿನಲ್ಲಿ ಕೂಗಿ ಕೊಂಡು ತಂದು ಮನೆ ಮುಂದೆ ನಿಲ್ಲಿಸಿದರು. ಆಮೇಲೆ ಬಡಿದು, ಕೊಯ್ದು, ಬೆಸುಗೆ ಹಾಕಿಸಿ ಅದನ್ನೊಂದು ಮನೆ ಮಾಡಿದರು. ಕರುಗಳನ್ನು ಕಟ್ಟಿ ಇಂಜೆಕ್ಷನ್ ಕೊಡುತ್ತಿದ್ದ ಮೂಲೆಯಲ್ಲಿ ಗ್ಯಾಸ್ ಒಲೆ, ಔಷಧಿಯ ಕಪಾಟಿನಲ್ಲಿ ಬೇಳೆ ಬೆಲ್ಲ, ಉದ್ದಕ್ಕೆ ಮಲಗಲು ಹಲಗೆ. ಹೊರಗಿದ್ದ ಹಸುವಿನ ಚಿತ್ರವನ್ನು ಮಾತ್ರ ಅಳಿಸಲು ಬಿಡಲಿಲ್ಲ. "ಇನ್ಮೇಲೆ ಎಲ್ಲಿಗೋದ್ರೂ ನಾವು ಮನೇಲೇ ಇರ್ತೀವಿ ಕಣೇ ದಾಕ್ಷಾಯಣಿ" ಎಂದರು. ಮದುವೆಯಾದಂದಿನಿಂದ ನನಗೆ ಬೇಕಾಗಿದ್ದದ್ದು ಮನೆಯಿಂದ ಆಚೆ ಹೋಗುವುದು. ಅದನ್ನು ಅವರಿಗೆ ಹೇಳಿ ಏನು ಪ್ರಯೋಜನ?

ನಾನು ಸಮುದ್ರ ನೋಡಿರಲಿಲ್ಲ. ಮಗಳು ಶೈಲಾ ಡಿಗ್ರಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದಳು. "ರಾಜಧಾನಿಗೇ ಹೋಗಾಣಪ್ಪ. ಅಲ್ಲಿ ಸಮುದ್ರನೂ ಐತೆ, ಸರ್ಕಾರನೂ ಐತೆ, ಎರಡೂ ಒಂದೇ ಸಲಕ್ಕೆ ನೋಡ್ಬೋದು" ಎಂದು ಅವಳೇ ಹೊರಡಿಸಿದಳು. ಘಟ್ಟ ಇಳಿದು, ಉಪ್ಪಿನ ಗಾಳಿ ಹಿಡಿದು, ರಾಜಧಾನಿಯ ನಾಕಾ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಅಲ್ಲಿದ್ದ ಪೊಲೀಸಿನವನು ವ್ಯಾನಿನೊಳಗೆ ತಲೆ ಹಾಕಿ ಒಲೆ, ಹಾಸಿಗೆ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಸೀರೆ ಎಲ್ಲ ನೋಡಿದ. "ಇದು ಗಾಡಿಯೋ ಮನೆಯೋ?" ಎಂದು ಕೇಳಿದ. ಗಾಡಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಮನೆ ಮಾಡಿದವರು ಬಾಯಲ್ಲಿ ಗಾಡಿ ಅಂತಾರೆಯೇ? "ಮನೆ! ಸ್ವಂತ ಮನೆ" ಎಂದು ಯಜಮಾನರು ಎದೆಯುಬ್ಬಿಸಿದರು. "ಯಜಮಾನ ಯಾರು?" "ನಾನೇ." "ನಿದ್ದೆ ಹೇಗೆ?" "ಅದ್ರ ಬಗ್ಗೆ ಕೇಳ್ಲೇಬೇಡ." ಪೊಲೀಸಿನವನು ವ್ಯಾನಿನ ಮೂತಿಯ ಮೇಲೆ ಸುಣ್ಣದಲ್ಲಿ ಒಂದು ಮನೆ ನಂಬರು ಬರೆದು, ಕೊನೆಯ ಸಾಲಿಗೆ, ಉಪ್ಪಿನ ಗೋದಾಮಿನ ಪಕ್ಕಕ್ಕೆ ಕಳಿಸಿದ. "ರಾತ್ರಿ ಕಿಟಕಿಯಿಂದ ಕೈ ಆಚೆ ಹಾಕಬೇಡಿ. ಪಕ್ಕದ ಮನೆಗೆ ಪಾತ್ರೆ ಗೀತ್ರೆ ಕೊಟ್ಟಿದ್ದರೆ ಮಲಗುವ ಮೊದಲೇ ಇಸ್ಕೊಂಡುಬಿಡಿ" ಎಂದ, ನಲ್ಲಿ ಎಲ್ಲಿದೆ ಎಂದು ಹೇಳುವವನ ಹಾಗೆ.

ಆ ಊರಲ್ಲಿ ಮನೆಯ ಯಜಮಾನ ರಾತ್ರಿ ಮನೆಯೊಳಗೆ ನಿದ್ದೆ ಹೋದರೆ ಮನೆ ಸಮುದ್ರದ ಕಡೆಗೆ ಸರಿಯುತ್ತದೆ. ಹೆಂಡತಿ ಮಕ್ಕಳ ನಿದ್ದೆಗೆ ಮನೆ ಬೆಲೆ ಕೊಡುವುದಿಲ್ಲ. ಒಬ್ಬೊಬ್ಬರದು ರಾತ್ರಿಗೆ ಒಂದು ಗೇಣು, ಗಟ್ಟಿ ನಿದ್ದೆಯಾದರೆ ಒಂದು ಮೊಳ. ಸಮುದ್ರಕ್ಕೆ ಎಷ್ಟು ಹತ್ತಿರವೋ ಅಷ್ಟು ದೊಡ್ಡ ಮನುಷ್ಯ. ಮೊದಲ ಸಾಲಿನಲ್ಲಿ ಮಂತ್ರಿಗಳು, ಅವರ ಹಿಂದೆ ಅಧಿಕಾರಿಗಳು, ಅವರ ಹಿಂದೆ ಅಧಿಕಾರಿಗಳ ಪರಿಚಯವಿದ್ದವರು. ಹೆಣ್ಣು ಕೊಡುವವರು ಹುಡುಗನ ಓದು ಕೇಳುವುದಿಲ್ಲ, ಗೊರಕೆ ಹೊಡೆಯುತ್ತಾನೋ ಎಂದು ಕೇಳುತ್ತಾರೆ. ರಾತ್ರಿ ಬೀದಿ ಗುಡಿಸುವವರು, ಗೇಟು ಕಾಯುವವರು, ಆಸ್ಪತ್ರೆಯಲ್ಲಿ ಪಾಳಿ ಮಾಡುವವರು ಮಾತ್ರ ಅಜ್ಜನ ಕಾಲದಿಂದ ಕೊನೆಯ ಸಾಲಿನಲ್ಲೇ ಇದ್ದಾರೆ. ಅವರಿಗೆ ಮಹತ್ವಾಕಾಂಕ್ಷೆ ಇಲ್ಲ ಎಂದು ಮುಂದಿನ ಸಾಲಿನವರು ಮರುಗುತ್ತಾರೆ. ಇದನ್ನೆಲ್ಲ ಅಲ್ಲಿನ ಹೆಂಗಸೊಬ್ಬಳು ಡ್ಯೂಟಿಗೆ ಹೊರಡುತ್ತಾ ಜಡೆ ಹೆಣೆದುಕೊಳ್ಳುತ್ತಲೇ ಹೇಳಿಹೋದಳು. ನಾವು ನಕ್ಕೆವು. ಉಪ್ಪಿಟ್ಟು ತಿಂದೆವು. ಯಜಮಾನರು ಹ್ಯಾಂಡ್ ಬ್ರೇಕ್ ಎಳೆದು, ಕಾಲು ಚಾಚಿ, ಕ್ಷಣದಲ್ಲಿ ಗೊರಕೆ ಶುರು ಮಾಡಿದರು.

ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಎದುರಿಗೆ ಸಮುದ್ರ! ಅಂಗಳದಲ್ಲಿ ನೀರು ಚೆಲ್ಲಿದಷ್ಟು ಹತ್ತಿರ. ಬೇರೆಯವರ ಮನೆಗಳು ಪಾಯ ಎಳೆದುಕೊಂಡು ಗೇಣು ಗೇಣು ಹೋಗುತ್ತವೆ. ನಮ್ಮದಕ್ಕೆ ನಾಲ್ಕು ಗಾಲಿ, ಮೇಲೆ ನಮ್ಮ ಯಜಮಾನರ ನಿದ್ದೆ. ಒಂದೇ ರಾತ್ರಿಗೆ ಎಲ್ಲ ಸಾಲುಗಳನ್ನೂ ದಾಟಿ ಎರಡು ಬಂಗಲೆಗಳ ನಡುವೆ, ಮೊದಲ ಸಾಲಿನಲ್ಲಿ ಬಂದು ನಿಂತಿತ್ತು. ಹೊರಗೆ ಆಗಲೇ ಜನ ಸೇರಿದ್ದರು. ಮೊದಲ ಸಾಲಿಗೆ ಹೊಸಬರು ಬಂದರೆ ಬೆಳಗಾಗುವ ಹೊತ್ತಿಗೆ ಹಾರ ಹಾಕಿ ಸದನಕ್ಕೆ ಸೇರಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ಯಜಮಾನರು ಬನಿಯನ್ನಿನಲ್ಲೇ ಇಳಿದರು, ಹಲ್ಲೂ ಉಜ್ಜಿರಲಿಲ್ಲ. ಮೈಕಿನವನು "ಇಂಥ ಮಹನೀಯರು ಈ ನಾಡಿಗೆ ಇದುವರೆಗೆ ಸಿಕ್ಕಿರಲಿಲ್ಲ, ಇವರ ದೂರದೃಷ್ಟಿ, ಇವರ ಸರಳತೆ..." ಎಂದು ಶುರು ಮಾಡಿದ. ಸರಳತೆ ಎಂದಾಗ ಎಲ್ಲರೂ ಬನಿಯನ್ನು ನೋಡಿ ಚಪ್ಪಾಳೆ ತಟ್ಟಿದರು. "ಕರಿಬಸಪ್ಪ ಸಾಹೇಬರಿಗೆ ಜಯವಾಗಲಿ" ಎಂದು ಯಾರೋ ಶೈಲಾಳಿಂದ ಹೆಸರು ಕೇಳಿಕೊಂಡು ಕೂಗಿದರು. ಸರ್ವೀಸು ಪೂರ್ತಿ "ಏಯ್ ಡ್ರೈವರ್" ಎಂದು ಕರೆಸಿಕೊಂಡ ಮನುಷ್ಯ ಹಾರದೊಳಗಿಂದ ನನ್ನ ಕಡೆ ತಿರುಗಿ ನೋಡಿದರು. ಆ ಮುಖ ನೋಡಿ ನನಗೂ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಸೆರಗು ಸರಿಮಾಡಿಕೊಂಡು ನಾನೂ ಸ್ವಲ್ಪ ಮುಂದೆ ಬಂದು ನಿಂತೆ.

ಎಡಗಡೆಯ ನೀಲಿ ಬಂಗಲೆ ಮಂತ್ರಿ ಭುಜಂಗರಾಯರದು. ಅವರ ಹೆಂಡತಿ ಸುಭದ್ರಾಬಾಯಿ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದರು. ನನಗಿಂತ ಹಿರಿಯರು, ಕೆಂಪಗೆ ಬಾತ ಕಣ್ಣು, ಮಾತಿಗೊಂದು ಆಕಳಿಕೆ. ಕುಂಕುಮ ಇಡಲು ಬಂದವರು ತೂಕಡಿಸಿ ನನ್ನ ಮೂಗಿಗೆ ಇಟ್ಟರು. "ನಿಮ್ಮ ಮುಂದಿನ ಗಾಲಿಗೂ ನೀರಿಗೂ ಒಂದು ಮಂಚದಷ್ಟೇ ಜಾಗ ಇದೆ ತಂಗಿ, ನಮ್ಮ ಪಾಯಕ್ಕೆ ಅದೂ ಇಲ್ಲ" ಎಂದು ಮೆಲ್ಲಗೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ಗಲ್ಲದಿಂದಲೇ ನೀರಿನ ಕಡೆ ತೋರಿಸಿದರು. ಅಲೆ ಹಿಂದೆ ಸರಿದಾಗ ನೀರೊಳಗೆ ಒಂದು ತಾರಸಿ ಕಂಡಿತು. ತಾರಸಿಯ ಮೇಲೆ ನೀರಿನ ಟ್ಯಾಂಕು, ಬಟ್ಟೆಯ ತಂತಿ, ತಂತಿಗೆ ಕ್ಲಿಪ್ಪು ಹಾಕಿದ ಒಂದು ಧೋತರ. ಅದರಾಚೆ ಇನ್ನೊಂದು ತಾರಸಿ. ಅದರಾಚೆ ಮತ್ತೊಂದು. "ಈ ಜಾಗದಲ್ಲಿ ಜಡ್ಜ್ ಸಾಹೇಬರಿದ್ದರು. ಹೋದ ವಾರ ಮುಂದೆ ಹೋದರು" ಎಂದರು ಸುಭದ್ರಾಬಾಯಿ. ಪಾಯಕ್ಕೆ ನೀರು ಮುಟ್ಟಿದ ಮನೆ ಆಮೇಲೆ ಗೇಣು ಮೊಳ ಎಂದು ನಿಲ್ಲದೆ ಒಂದೇ ಸಲಕ್ಕೆ ಜಾರಿಹೋಗುತ್ತದಂತೆ. ಅಲ್ಲಿ ಯಾರೂ ಮುಳುಗಿದರು ಎನ್ನುವುದಿಲ್ಲ, ಮುಂದೆ ಹೋದರು ಎನ್ನುತ್ತಾರೆ. ಮರುದಿನ ಪೇಪರಿನಲ್ಲಿ ಅಭಿನಂದನೆ ಬರುತ್ತದಂತೆ. ನಾನು ತಿರುಗಿ ನಮ್ಮ ಗಾಲಿಗಳನ್ನು ನೋಡಿದೆ. ಗಾಲಿಯಿಲ್ಲದ ಬಂಗಲೆಗಳ ಗತಿಯೇ ಇದಾದರೆ, ಇವರು ಇನ್ನೊಂದು ಸಲ ಕಣ್ಣು ಮುಚ್ಚಿದರೆ ನಾವು ಒಂದೇ ಏಟಿಗೆ ಜಡ್ಜ್ ಸಾಹೇಬರ ತಾರಸಿ ದಾಟಿ ಹೋಗುತ್ತೇವೆ.

"ಹಾಗಾದ್ರೆ ನೀವೆಲ್ಲ ಹೆಂಗೆ ಉಳ್ಕಂಡಿದೀರಿ?" ಎಂದು ಕೇಳಿದೆ. ಉತ್ತರ ಕೊಟ್ಟವರು ಭುಜಂಗರಾಯರು. ಅವರು ಹೆಂಡತಿಯ ಬೆನ್ನಿಗೇ ಬಂದು ಯಜಮಾನರ ಹೆಗಲ ಮೇಲೆ ಕೈಯಿಟ್ಟಿದ್ದರು. "ನಾವು ರಾತ್ರಿ ಮಲಗುವುದೇ ಇಲ್ಲಮ್ಮ. ನನ್ನನ್ನು ಎಚ್ಚರವಾಗಿಟ್ಟಿರುವುದು ಜನಸೇವೆ. ಕಣ್ಣು ಮುಚ್ಚೋಣ ಅಂದರೆ ಬಡವರ ಮುಖಗಳು ಎದುರಿಗೆ ಬಂದು ನಿಲ್ಲುತ್ತವೆ." ಸುಭದ್ರಾಬಾಯಿ ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಹೆಬ್ಬೆರಳು ತೋರುಬೆರಳು ತೋರಿಸಿದರು. ಎರಡೂ ಜಡ್ಡುಗಟ್ಟಿದ್ದವು. "ಬಡವರ ಮುಖ ಅಲ್ಲ, ಇದು. ರಾತ್ರಿಯಿಡೀ ತೊಡೆ ಚಿವುಟುತ್ತಾ ಕೂತಿರಬೇಕು. ಈ ಸಾಲಿನ ಹೆಂಗಸರಿಗೆಲ್ಲ ಅದೇ ಕೆಲಸ." ಗಂಡಸರು ಹಗಲು ಸದನಕ್ಕೆ ಹೋಗಿ ಮಲಗುತ್ತಾರೆ. ಮನೆ ಬಿಟ್ಟು ಬೇರೆಲ್ಲಿ ಮಲಗಿದರೂ ಸಾಲು ಕೈತಪ್ಪಿ ಹೋಗುತ್ತದೆ, ಸದನದಲ್ಲಿ ಮಲಗಿದರೆ ಮಾತ್ರ ಹೋಗುವುದಿಲ್ಲ. ಅದು ಕಾನೂನು, ಮಾಡಿದವರೂ ಅವರೇ. "ನೀವು ಯಾವಾಗ ಮಲಗ್ತೀರಿ?" ಎಂದೆ. ಹಗಲು ಅರ್ಜಿ ಹಿಡಿದು ಬರುವವರಿಗೆ ಕಾಫಿ ಮಾಡಬೇಕಲ್ಲ ಎಂದರು. ಅವರು ಸರಿಯಾಗಿ ಮಲಗಿದ್ದು ಗಂಡ ಮೂರನೇ ಸಾಲಿನಲ್ಲಿದ್ದಾಗ.

ಸರಿ, ಇವರೂ ಹಗಲು ಸದನದಲ್ಲಿ ಮಲಗಿ ಬಂದರೆ ರಾತ್ರಿ ಎಚ್ಚರವಿರುತ್ತಾರೆ, ಬೆಳಿಗ್ಗೆ ಹೇಗಾದರೂ ಒಪ್ಪಿಸಿ ಊರಿಗೆ ಹೊರಡಿಸೋಣ ಎಂದು ನಾನು ಲೆಕ್ಕ ಹಾಕಿದೆ. ಭುಜಂಗರಾಯರದೇ ಒಂದು ಕೋಟು ತೊಡಿಸಿ ಕಳಿಸಿಕೊಟ್ಟೆ. ಶೈಲಾಳೂ ಪ್ರೇಕ್ಷಕರ ಗ್ಯಾಲರಿಗೆ ಹೋದಳು. ಸಂಜೆ ಅವಳು ಬಂದು ಹೇಳಿದ್ದು ಕೇಳಿ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಸದನದಲ್ಲಿ ಘಂಟೆ ಹೊಡೆದ ಕೂಡಲೇ ಎಲ್ಲರೂ ದಿಂಬು ತೆಗೆದರಂತೆ. ಅಧ್ಯಕ್ಷರ ದಿಂಬಿಗೆ ಜರಿಯ ಅಂಚು. ಎಲ್ಲೆಂದರಲ್ಲಿ ಮಲಗುವ ನಮ್ಮ ಯಜಮಾನರಿಗೆ ಮಾತ್ರ ಅಲ್ಲಿ ನಿದ್ದೆ ಬರಲಿಲ್ಲ! ಮೈಮೇಲೆ ಕೋಟು, ಮುಂದೆ ಮೈಕು, ಎದುರಿಗೆ "ಮಾನ್ಯ ಕರಿಬಸಪ್ಪನವರು" ಎಂಬ ಹಲಗೆ. ಎದ್ದು ನಿಂತವರು ಕೂರಲೇ ಇಲ್ಲ. ಕಾಲುಬಾಯಿ ರೋಗದಿಂದ ಹಿಡಿದು ಡ್ರೈವರುಗಳ ಭತ್ಯೆಯವರೆಗೆ ಬೆಳಗಿಂದ ಸಂಜೆತನಕ ಮಾತಾಡಿದರು. ವಿರೋಧಿಸುವವರು ಎಚ್ಚರವಿದ್ದರೆ ತಾನೆ? ಎಲ್ಲವೂ ಸರ್ವಾನುಮತದಿಂದ ಪಾಸಾಯಿತು.

ಮನೆಗೆ ಬಂದಾಗ ಕಣ್ಣು ಸುಭದ್ರಾಬಾಯಿಯವರ ಕಣ್ಣಿನ ಹಾಗೆಯೇ ಆಗಿತ್ತು. ನಾನು ನೀರಿನ ಲೋಟ ಕೊಟ್ಟು "ರೀ, ಕತ್ತಲಾಗಕ್ಕೆ ಮುಂಚೆ ರಿವರ್ಸ್ ಹಾಕ್ರಿ, ಊರಿಗೋಗಾಣ" ಎಂದೆ. "ರಿವರ್ಸಾ? ಮೊದಲ್ನೇ ಸಾಲಿಂದ ಯಾವನಾರ ರಿವರ್ಸ್ ಹೊಡೀತಾನೇನೇ? ಜನ ಏನಂದಾರು?" "ನೀರೊಳಗೆ ಮುಳುಗಿದ್ಮೇಲೆ ಯಾವ ಸಾಲು ರೀ? ನೀವೊಬ್ರೇ ಅಲ್ಲ, ಮಗಳೂ ಒಳಗವಳೆ." "ನಾನು ಮಲಗಲ್ಲ ಅಂದ್ಮೇಲೆ ಮುಳುಗೋದೆಲ್ಲಿಂದ ಬಂತು?" "ನೀವು ಮಲಗಲ್ವಾ?" ಎಂದು ಶೈಲಾ ನಕ್ಕುಬಿಟ್ಟಳು. ಅವರಿಗೆ ಸಿಟ್ಟು ಬಂತು. ಸಿಟ್ಟಿನ ಕೊನೆಯಲ್ಲಿ ದನಿ ಸಣ್ಣದಾಯಿತು. "ಅಷ್ಟು ವರ್ಷ ದುಡಿದ್ನಲ್ಲ, ಒಬ್ಬ ಡಾಕ್ಟ್ರು ನನ್ನ ಹೆಸರಿಡಿದು ಕರ್ದಿದ್ನೇನೇ? ಇವತ್ತು ಹಲಗೆ ಮೇಲೆ ಬರ್ಸವ್ರೆ" ಎಂದರು. ಪ್ರಾಣಕ್ಕಿಂತ ಹಲಗೆ ದೊಡ್ಡದೇ ಎಂದು ಕೇಳಬಹುದಿತ್ತು. ಆದರೆ ಹಲಗೆಯೇ ಇಲ್ಲದೆ ಬದುಕಿದವರನ್ನು ಅದನ್ನು ಕೇಳುವುದು ಹೇಗೆ?

ಅವರೇ ಒಂದು ಉಪಾಯ ಹೇಳಿದರು. ಎಂಜಿನ್ ಚಾಲೂ ಇದ್ದರೆ ತಾನು ಎಂದೂ ಮಲಗಿದವನಲ್ಲ, ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದೇ ಕೂರುತ್ತೇನೆ ಎಂದು. ಅದು ನಿಜವೂ ಹೌದು, ಸರ್ವೀಸಿನಲ್ಲಿ ಒಂದೇ ಒಂದು ಆಕ್ಸಿಡೆಂಟು ಮಾಡಿದವರಲ್ಲ. ಎಂಜಿನ್ ಹಚ್ಚಿ ಕೋಟಿನಲ್ಲೇ ಕೂತರು. ಸೂರ್ಯ ನೀರಿಗಿಳಿದ. ಬಂಗಲೆಗಳಲ್ಲಿ ದೀಪ ಹಚ್ಚಿದರು. ನಾನು ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು ಇನ್ನೂ ಅಕ್ಕಿ ತೊಳೆಯುತ್ತಿದ್ದೆ, ಎಂಜಿನ್ನಿನ ಸದ್ದಿನ ಮೇಲೆ ಇನ್ನೊಂದು ಸದ್ದು ಕೇಳಿತು. ಮೂವತ್ತು ವರ್ಷ ಕೇಳಿದ ಸದ್ದು, ತಪ್ಪುವುದುಂಟೇ? ವ್ಯಾನು ಮೆಲ್ಲಗೆ ಅಲ್ಲಾಡಿ ಮುಂದಕ್ಕೆ ಹೊರಟಿತು.

"ಅಮ್ಮಾ, ನೀರು!" ಎಂದು ಶೈಲಾ ಕಿರುಚಿದಳು. ಹ್ಯಾಂಡ್ ಬ್ರೇಕ್ ಎಳೆದಳು, ಅದು ನಿನ್ನೆಯೂ ಎಳೆದೇ ಇತ್ತು. ನಾನು ಯಜಮಾನರ ತೊಡೆ ಚಿವುಟಿದೆ. ಕೈ ನೋಯುವಷ್ಟು ಚಿವುಟಿದೆ. ಅವರು ಮಗ್ಗುಲು ಬದಲಿಸಿದರು. ಸುಭದ್ರಾಬಾಯಿಯವರದು ವರ್ಷಗಳ ಸಾಧನೆ, ನನ್ನಂಥವಳಿಗೆ ಒಂದೇ ದಿನದಲ್ಲಿ ಹೇಗೆ ಬಂದೀತು? ಮುಂದಿನ ಗಾಲಿಗಳು ನೀರಿಗಿಳಿದವು. ಏನು ಮಾಡಬೇಕೆಂದು ತೋಚದೆ ಹಿಂಬಾಗಿಲಿನಿಂದ ಧುಮುಕಿದೆ. ಮೊಣಕಾಲವರೆಗೆ ಅಲೆ ಬಂದು ಬಡಿಯಿತು. ಅಷ್ಟು ವರ್ಷ ಆಸೆಪಟ್ಟ ಸಮುದ್ರ ನನ್ನ ಕಾಲು ಮುಟ್ಟಿದ್ದು ಹಾಗೆ, ಅದರ ಕಡೆ ನೋಡಲೂ ಪುರಸೊತ್ತಿರಲಿಲ್ಲ. ವ್ಯಾನಿನ ಹಿಂದೆ ನಿಂತಾಗ, ಸಂತೆ ಬೀದಿಗಳಲ್ಲಿ ಕಾಂಪೌಂಡರುಗಳು ಹೀಗೇ ನಿಲ್ಲುತ್ತಿದ್ದದ್ದು ನೆನಪಾಯಿತು. ಹಿಂದೆ ಒಬ್ಬರು ನಿಂತು ಡಬಡಬ ಬಡಿದು ಕೂಗದೆ ಇವರು ರಿವರ್ಸ್ ಹಾಕಿದವರಲ್ಲ, ಕೂಗಿದ ಮೇಲೆ ಹಾಕದೆ ಇದ್ದವರೂ ಅಲ್ಲ. ಎರಡೂ ಕೈಯಿಂದ ತಗಡು ಬಡಿದೆ. "ಬರ್ಲಿ! ಬರ್ಲಿ ಬರ್ಲಿ! ಹಿಂದೆ ಬರ್ಲಿ!"

ಒಂದು ಕ್ಷಣ ವ್ಯಾನು ತಡವರಿಸಿತು. ಆಮೇಲೆ ಕರಕರ ಎಂದು ಗೇರು ಬಿದ್ದ ಸದ್ದು. ನಿದ್ದೆಗಣ್ಣಿನಲ್ಲೇ ಅವರ ಕೈ ತನ್ನ ಕೆಲಸ ಮಾಡಿತ್ತು. ವ್ಯಾನು ನೀರು ಸುರಿಸಿಕೊಂಡು ಹಿಂದಕ್ಕೆ ಬಂತು. ಮೊದಲ ಸಾಲಿನವರೆಲ್ಲ ಹೊರಗೋಡಿ ಬಂದರು. ಮನೆಯೊಂದು ಹಿಂದಕ್ಕೆ ಹೋಗುವುದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಕೆಲವರು ಮಕ್ಕಳ ಕಣ್ಣು ಮುಚ್ಚಿದರು. ಒಬ್ಬ ಹಿರಿಯರು ಇದಕ್ಕೊಂದು ನಿಷೇಧ ತರಬೇಕು, ನಾಳೆಯೇ ತರಬೇಕು ಎಂದು ಕೋಲು ಕುಟ್ಟಿದರು. ಸುಭದ್ರಾಬಾಯಿ ಕಾಂಪೌಂಡಿಗೆ ಒರಗಿ ನಿಂತು "ಹಿಂದಕ್ಕೂ ಹೋಗುತ್ತಾ ತಂಗಿ ಇದು?" ಎಂದು ಕೇಳಿದರು. "ಹೋಗ್ತದಕ್ಕಾ, ಬರೋದಾದ್ರೆ ಬನ್ನಿ" ಎಂದೆ, ಬಡಿಯುತ್ತಲೇ.

ಅವರು ಜಗಲಿಯ ಕಡೆ ತಿರುಗಿದರು. ಅಲ್ಲಿ ಭುಜಂಗರಾಯರು ಹಗಲಿನಿಂದ ಕಾದಿದ್ದ ಅರ್ಜಿಯವರ ನಡುವೆ ಕೂತಿದ್ದರು. "ಇವತ್ತೊಂದು ರಾತ್ರಿ ಇವರ ಜೊತೆ ಹೋಗಿ ಮಲಗಿ ಬರ್ತೀನಿ. ನೀವು ಎಚ್ಚರ ಇರ್ತೀರಲ್ಲ?" ಎಂದು ಎಲ್ಲರ ಮುಂದೆ ಕೇಳಿದರು. ಭುಜಂಗರಾಯರು ಅರ್ಜಿಯವರ ಮುಖ ನೋಡಿದರು, ಗಂಟಲು ಸರಿಪಡಿಸಿಕೊಂಡರು. "ಧಾರಾಳವಾಗಿ ಹೋಗು. ನನ್ನನ್ನು ಎಚ್ಚರವಾಗಿಡಲು ಜನಸೇವೆ ಇದೆ" ಎಂದರು. ಅರ್ಜಿಯವರು ಚಪ್ಪಾಳೆ ತಟ್ಟಿದರು. ಸುಭದ್ರಾಬಾಯಿ ಒಳಗೆ ಹೋಗಿ ಒಂದು ದಿಂಬು ತಂದು, ಮೆಲ್ಲಗೆ ಹಿಂದೆ ಸರಿಯುತ್ತಿದ್ದ ವ್ಯಾನಿನ ಪಕ್ಕದ ಬಾಗಿಲು ಹಿಡಿದು ಹತ್ತಿದರು. ಶೈಲಾ ಕೈಕೊಟ್ಟು ಎಳೆದುಕೊಂಡಳು.

ಊರು ಪೂರ್ತಿ ನಾನು ಹಿಂದೆ ಹಿಂದೆ ನಡೆದು ಕೂಗಿದೆ. "ಲೆಫ್ಟಿಗೆ ಹೊಡೀರಿ, ಸೀದಾ ಬರ್ಲಿ, ಕಂಬ ಐತೆ, ಬರ್ಲಿ ಬರ್ಲಿ." ಅಧಿಕಾರಿಗಳ ಸಾಲು ದಾಟಿತು, ಪರಿಚಯವಿದ್ದವರ ಸಾಲು ದಾಟಿತು, ಗೋದಾಮು ದಾಟಿತು. ಕೊನೆಯ ಸಾಲಿನವರು ಪೊರಕೆ ಹಿಡಿದು ಕೆಲಸಕ್ಕೆ ಹೊರಟಿದ್ದರು, ಅವರು ಮಾತ್ರ ದಾರಿ ಬಿಟ್ಟು ನಿಂತು ನಕ್ಕರು. ನಾಕಾದಾಚೆ ಏರಿನ ಮೇಲೆ ಬಂದ ಮೇಲೆ "ಹೋಲ್ಡಾನ್!" ಎಂದೆ. ಎಂಜಿನ್ ನಿಂತಿತು. ಅಲ್ಲಿ ಊರಿನ ಕಾಯಿದೆ ನಡೆಯುವುದಿಲ್ಲ, ಮನೆ ನಿಂತಲ್ಲೇ ನಿಲ್ಲುತ್ತದೆ. ಒಳಗೆ ಹೋಗಿ ನೋಡಿದರೆ ಸುಭದ್ರಾಬಾಯಿ ಹಲಗೆಯ ಮೇಲೆ ಬಾಯಿ ತೆರೆದುಕೊಂಡು, ಮಗುವಿನ ಹಾಗೆ ಮಲಗಿದ್ದರು. ನಾನು ಅವರ ಕಾಲ ಬಳಿ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಅಕ್ಕಿ ಬೇಯಲಿಕ್ಕೆ ಇಟ್ಟೆ.

ಬೆಳಿಗ್ಗೆ ಯಜಮಾನರು ಕಣ್ಣುಜ್ಜಿಕೊಂಡು ಎದ್ದರು. "ಸಮುದ್ರ ಎಲ್ಲೇ?" "ಅಗೋ, ಕೆಳಗೆ." "ಯಾರು ತಂದಿದ್ದು ಇಲ್ಲಿಗೆ?" "ನೀವೇ ರೀ." ನಂಬಲಿಲ್ಲ. ನಾನು ಅವರ ಮಾನ ಕಳೆದೆನೆಂದು ಕೂಗಾಡಿದರು, ಕೀ ಕಿತ್ತುಕೊಂಡರು, "ಇವತ್ತು ಕೆಳಗೋಗಿ ಇನ್ನೊಂದ್ಸಲ ಮಲಗಿದ್ರೆ ಮತ್ತೆ ಮೊದಲ್ನೇ ಸಾಲು, ನೋಡ್ತಿರು" ಎಂದರು. ಅಷ್ಟರಲ್ಲಿ ಕೆಳಗಿನಿಂದ ಬ್ಯಾಂಡಿನ ಸದ್ದು ಬಂತು. ನಾವಿದ್ದ ಜಾಗಕ್ಕೆ ಹಿಂದಿನ ಸಾಲಿನ ಹೆಂಚಿನ ಮನೆಯೊಂದು ಬಂದು ನಿಂತಿತ್ತು, ಅದರ ಮುಂದೆ ಜನ. ಗಾಳಿ ಈ ಕಡೆಗೇ ಬೀಸುತ್ತಿತ್ತು. "ಇಂಥ ಮಹನೀಯರು ಈ ನಾಡಿಗೆ ಇದುವರೆಗೆ ಸಿಕ್ಕಿರಲಿಲ್ಲ, ಇವರ ದೂರದೃಷ್ಟಿ, ಇವರ ಸರಳತೆ..." ಯಜಮಾನರು ಕೀ ಹಿಡಿದುಕೊಂಡು ಪೂರ್ತಿ ಕೇಳಿದರು. ಆಮೇಲೆ ಕೋಟು ಬಿಚ್ಚಿ, ಮಡಚಿ, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಇಟ್ಟುಕೊಂಡರು.

ಹೆಂಚಿನ ಮನೆಯ ಎಡಕ್ಕೆ ನೀಲಿ ಬಂಗಲೆ ಇರಲಿಲ್ಲ. ಅಲ್ಲಿ ಬರೀ ನೀರು ಹೊಳೆಯುತ್ತಿತ್ತು, ನೀರಿನ ಮಧ್ಯೆ ಬಂಗಲೆಯ ಬಾವುಟದ ಕಂಬದ ತುದಿ. ಹಾರ ಹಾಕುವ ಗಡಿಬಿಡಿಯಲ್ಲಿ ಯಾರೂ ಆ ಕಡೆ ನೋಡಿದ ಹಾಗೆ ಕಾಣಲಿಲ್ಲ. ಸುಭದ್ರಾಬಾಯಿ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತರು. ಅವರ ಕಣ್ಣಿನ ಕೆಂಪು ಇಳಿದಿತ್ತು. ನಾನು ಕೈಯೆತ್ತಿ ತೋರಿಸಿದೆ. ಅವರು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು.

"ನಿದ್ದೆ ಬಂದುಬಿಡ್ತಾ ಅವರಿಗೆ" ಎಂದರು. "ಪಾಪ, ಮನೇಲಿ ಮಲಗಿ ಎಷ್ಟು ವರ್ಷ ಆಗಿತ್ತು."